ವಾಹನದ ಓಡಾಟದ ಲೆಕ್ಕ

ನಮ್ಮ ವರ್ತಕ ಕುಟುಂಬಗಳಲ್ಲಿ ಕಾರು ಅಂಗಡಿಯದೂ ಹೌದು, ಮನೆಯದೂ ಹೌದು. ಬೆಳಗ್ಗೆ ಬಾಕಿ ವಸೂಲಿಗೆ ಹೋದ ಗಾಡಿಯೇ ಸಂಜೆ ಬೀಗರ ಮನೆಗೆ ಹೊರಡುತ್ತದೆ. ತೆರಿಗೆಯ ಲೆಕ್ಕದಲ್ಲಿ ಈ ಎರಡು ಪ್ರಯಾಣಗಳು ಬೇರೆ ಬೇರೆ. ಆ ಭೇದವನ್ನು ಬರೆದಿಡುವ ರೂಢಿ ಹಲವು ಮನೆಗಳಲ್ಲಿ ಇಲ್ಲವಾದ್ದರಿಂದ ಈ ಕೆಲವು ಮಾತುಗಳು.

ವಾಹನವು ಸ್ವಂತಕ್ಕೂ ಬಳಕೆಯಾಗುತ್ತಿದ್ದರೆ, ಅದರ ದುರಸ್ತಿ, ವಿಮೆ, ಸವಕಳಿಗಳಲ್ಲಿ ವ್ಯಾಪಾರಕ್ಕೆ ಸಲ್ಲುವ ನ್ಯಾಯವಾದ ಪಾಲನ್ನು ಮಾತ್ರ ಆದಾಯದಿಂದ ಕಳೆಯಬೇಕೆಂದು 1961ರ ಆದಾಯ ತೆರಿಗೆ ಕಾಯ್ದೆಯ 38ನೆಯ ಕಲಮು ವಿಧಿಸಿತು. 2025ರಲ್ಲಿ ಹೊಸ ಕಾಯ್ದೆ ರಚಿತವಾದರೂ ಈ ತತ್ತ್ವ ಉಳಿದಿದೆ. ಪಾಲು ಎಷ್ಟೆಂದು ತೋರಿಸಲು ನಮ್ಮಲ್ಲಿ ಆಧಾರವಿಲ್ಲದಿದ್ದರೆ, ಅಧಿಕಾರಿಗಳು ಐದರಲ್ಲೊಂದನ್ನೋ ನಾಲ್ಕರಲ್ಲೊಂದನ್ನೋ ಸ್ವಂತದ ಖರ್ಚೆಂದು ಅಂದಾಜಿನಿಂದ ತೆಗೆದುಹಾಕುವುದುಂಟು. ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಸಲ್ಲಿಸುವ ಸಣ್ಣ ವರ್ತಕರಿಗೆ ಈ ಖರ್ಚನ್ನು ಬೇರೆಯಾಗಿ ಕಳೆಯಲು ಬಾರದು. ಉಳಿದವರಿಗೆ ಪುಸ್ತಕವೇ ಆಧಾರ.

ಒಂದು ಉದಾಹರಣೆ ಕೊಡುತ್ತೇನೆ. ಕಾರು ವರ್ಷಕ್ಕೆ 18,000 ಕಿಲೋಮೀಟರ್ ಓಡಿ, ಅದರಲ್ಲಿ 12,000 ವ್ಯಾಪಾರದ್ದಾದರೆ, ಪಾಲು ಮೂರರಲ್ಲಿ ಎರಡು. ಪೆಟ್ರೋಲು, ದುರಸ್ತಿ, ವಿಮೆ, ಸವಕಳಿ ಸೇರಿ 1,50,000 ರೂಪಾಯಿ ಆಗಿದ್ದರೆ, ಕಳೆಯಬಹುದಾದದ್ದು 1,00,000. ಉಳಿದ 50,000 ಮನೆಯ ಖರ್ಚು.

ದಾವಣಗೆರೆಯಲ್ಲಿ ಕಾಳುಕಡಿಯ ವ್ಯಾಪಾರ ಮಾಡುವ ನನ್ನ ತಂಗಿಯ ಮಗ ಒಮ್ಮೆ ಮಾರ್ಚ್ ತಿಂಗಳ ಕೊನೆಯಲ್ಲಿ ಹೊಸ ಪುಸ್ತಕವೊಂದನ್ನು ಹಿಡಿದು, ಇಡೀ ವರ್ಷದ ಓಡಾಟವನ್ನು ಒಂದೇ ರಾತ್ರಿಯಲ್ಲಿ ಬರೆಯಲು ಕುಳಿತನು. ನಾನು ಅಂದು ಅವನ ಮನೆಯಲ್ಲೇ ಇದ್ದೆನು. ಕಾಲೇಜಿಗೆ ಹೋಗುವ ಮಗಳು ಪುಟ ತಿರುವಿ, “ಅಪ್ಪಾಜಿ, ಈ ದಿನ ಹಾವೇರಿ ಮಾರುಕಟ್ಟೆ ಅಂತ ಬರೆದೀರಿ. ಅವತ್ತು ಅಜ್ಜಿಯ ಪುಣ್ಯಸ್ಮರಣೆ, ನಾವೆಲ್ಲಾ ಅದೇ ಕಾರಿನಲ್ಲಿ ಊರಿಗೆ ಹೋಗಿದ್ವಲ್ಲ?” ಎಂದಳು. ಅವನು ಉತ್ತರಿಸಲಿಲ್ಲ. ಪುಸ್ತಕ ಮುಚ್ಚಿ, ರಸೀದಿಗಳು ತೋರಿಸುವಷ್ಟನ್ನೇ ಆ ವರ್ಷ ಕಳೆದನು. ತೆರಿಗೆ ಹೆಚ್ಚಾಯಿತು, ಆದರೆ ಮಗಳ ಮುಂದೆ ತಲೆಯೆತ್ತಿ ಕೂಡಲು ಅವನಿಗೆ ಸಾಧ್ಯವಾಯಿತು. ಆ ಏಪ್ರಿಲ್‌ನಿಂದ ಪುಸ್ತಕ ಕಾರಿನಲ್ಲಿಯೇ ಇದೆ. ಹಲವು ದಿನ ಅದನ್ನು ಬರೆಯುವವಳು ಮಗಳೇ.

ಬರೆಯಬೇಕಾದದ್ದು ಬಹಳವಿಲ್ಲ. ಉದ್ಯೋಗಿಗಳಿಗೆ ಕೊಟ್ಟ ಕಾರುಗಳ ಬಗ್ಗೆ 1962ರ ತೆರಿಗೆ ನಿಯಮಗಳು ಪ್ರಯಾಣದ ದಿನಾಂಕ, ಹೋದ ಸ್ಥಳ, ದೂರ, ವೆಚ್ಚಗಳನ್ನು ಬರೆದಿಡಲು ಹೇಳಿದ್ದವು. ವರ್ತಕರು ಇವುಗಳಿಗೆ ಹೋದ ಕಾರಣವನ್ನೂ ಮೀಟರಿನ ಅಂಕಿಯನ್ನೂ ಸೇರಿಸಿದರೆ ಸಾಕು. ಮನೆಯ ಪ್ರಯಾಣಗಳನ್ನೂ ಬಿಡದೆ ಬರೆಯಬೇಕು. ಆಗಲೇ ಒಟ್ಟು ಓಟಕ್ಕೆ ತಾಳೆ ಬೀಳುವುದು.

ಬಾಲ್ಯದಲ್ಲಿ ನಾನು ಮಠದ ಉಗ್ರಾಣದ ಲೆಕ್ಕ ಬರೆಯುತ್ತಿದ್ದೆನು. ಅಂದು ಅಳೆದ ಅಕ್ಕಿಯನ್ನು ಅಂದೇ ಬರೆಯಬೇಕೆಂಬುದು ಹಿರಿಯರ ಕಟ್ಟಳೆ. ಮರುದಿನಕ್ಕೆ ಬಿಟ್ಟರೆ ನೆನಪು ನಮಗೆ ಬೇಕಾದಂತೆ ಮಾತಾಡುತ್ತದೆಂದು ಅವರು ಬಲ್ಲರು. ಕಾರಿನ ಪುಸ್ತಕಕ್ಕೂ ಅದೇ ಕಟ್ಟಳೆ ಇರಲಿ. ಇಂದು ಸಂಜೆಯೇ ಮೀಟರಿನ ಅಂಕಿಯನ್ನು ಬರೆದುಕೊಂಡು ಆರಂಭಿಸಿರಿ.