ಹುಳದ ಮನೆಯಲ್ಲಿ ವಿಮಾನ

ಮಂಡ್ಯ ಜಿಲ್ಲೆಯ ಮಳವಳ್ಳಿ, ಮದ್ದೂರು ಕಡೆಯ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟದ ಮಗ್ಗುಲಿಗೆ ಉದ್ದನೆಯ ಕಟ್ಟಡಗಳು ಕಾಣುತ್ತವೆ. ಎತ್ತರದ ಮಾಡು, ನುಣ್ಣನೆಯ ಗಾರೆ ನೆಲ, ಊಜಿ ನೊಣ ಬಾರದಂತೆ ಬಲೆ ಬಿಗಿದ ಕಿಟಕಿಗಳು. ರೇಷ್ಮೆ ಬೆಳೆಗಾರರ ಬಾಯಲ್ಲಿ ಅದು ಹುಳದ ಮನೆ. ತನ್ನ ಕೈಯಾರೆ ಎರಡು ಸೀಟಿನ ಒಂದು ವಿಮಾನ ಕಟ್ಟಬೇಕೆಂಬ ಆಸೆ ಹೊತ್ತವನು ಆ ದಾರಿಯಲ್ಲಿ ಹೋದರೆ ನಿಂತು ನೋಡದೆ ಇರಲಾರ. ಐವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಅಂಥ ಮನೆ ಅವನಿಗೆ ಸಿದ್ಧವಾಗಿ ನಿಂತ ಕಾರ್ಖಾನೆ.

ಲೆಕ್ಕ ಹಾಕಿದರೆ ಸರಿಯಾಗಿಯೇ ಹೊಂದುತ್ತದೆ. ಕಿಟ್ ಆಗಿ ಬರುವ ಸಣ್ಣ ವಿಮಾನದ ಒಡಲು ಸುಮಾರು ಆರು ಮೀಟರ್, ಒಂದೊಂದು ರೆಕ್ಕೆ ನಾಲ್ಕು ಮೀಟರ್ ಆಸುಪಾಸು. ಒಡಲು ನಡುವೆ, ರೆಕ್ಕೆಗಳು ಗೋಡೆಗೆ, ಕೆಲಸದ ಮೇಜು ಕಿಟಕಿಯ ಬೆಳಕಿಗೆ. ಆದರೆ ಗೋಡೆಗಿಂತ ಮೊದಲು ಬಾಗಿಲನ್ನು ಅಳೆಯಬೇಕು. ಮುಂಬೈನ ಕ್ಯಾಪ್ಟನ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನವನ್ನೇ ಕಟ್ಟಿದರು. 2016ರ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನಕ್ಕೆ ಅದನ್ನು ಒಯ್ಯಲು ಬಿಡಿಭಾಗ ಮಾಡಿ ಕ್ರೇನ್‌ನಲ್ಲಿ ಕೆಳಗಿಳಿಸಬೇಕಾಯಿತು. ಹುಳದ ಮನೆಯ ಬಾಗಿಲು ಸಾಮಾನ್ಯವಾಗಿ ಸೊಪ್ಪಿನ ಹೊರೆ ಹೊತ್ತವರು ದಾಟುವಷ್ಟು ಇರುತ್ತದೆ. ಒಂದು ಕಡೆಯ ಗೋಡೆ ಒಡೆದು ರೋಲಿಂಗ್ ಶಟರ್ ಕೂರಿಸುವ ಖರ್ಚನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಜಾಣತನ.

ಇನ್ನೊಂದು ವಿಷಯ ಬೆಳೆಗಾರರಿಗೆ ಗೊತ್ತು, ವಿಮಾನದ ಪುಸ್ತಕಗಳಲ್ಲಿ ಸಿಗುವುದಿಲ್ಲ. ಪ್ರತಿ ಬೆಳೆಯ ಮುಂಚೆ ಹುಳದ ಮನೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುತ್ತಾರೆ. ಅದರ ಕ್ಲೋರಿನ್ ಅಲ್ಯೂಮಿನಿಯಂ ಹಾಳೆಯನ್ನು ತಿನ್ನುತ್ತದೆ. ಇತ್ತ ವಿಮಾನಕ್ಕೆ ಬಳಿಯುವ ಪ್ರೈಮರ್, ತಿನ್ನರ್ ಹೊಗೆಗೆ ಹುಳ ಬದುಕುವುದಿಲ್ಲ. ಎರಡನ್ನೂ ಒಂದೇ ಸೂರಿನಡಿ ಇಡುವ ಮಾತೇ ಬೇಡ. ಸಾಕಣೆ ನಿಂತುಹೋದ ಮನೆಯನ್ನೇ ಹುಡುಕಬೇಕು, ನೆಲ ಗೋಡೆಗಳನ್ನು ಎರಡು ಮೂರು ಸಲ ನೀರು ಹೊಯ್ದು ತೊಳೆದು ಒಣಗಿಸಬೇಕು.

ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಜೋಡಿಸಿ ಹಾರಿಸುವುದು ಕನ್ನಡ ನಾಡಿಗೆ ಹೊಸದೇನಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮೊದಲು ಮಾಡಿದ್ದೇ ಆ ಕೆಲಸ. ಅಮೆರಿಕದಿಂದ ಹಡಗಿನಲ್ಲಿ ಬಂದ ಹಾರ್ಲೋ ತರಬೇತಿ ವಿಮಾನದ ಭಾಗಗಳನ್ನು ಜೋಡಿಸಿ 1941ರಲ್ಲಿ ಹಾರಿಸಿದರು. ಸ್ವಂತ ವಿನ್ಯಾಸದ ಎಚ್‌ಟಿ-2 ಹಾರಿದ್ದು ಹತ್ತು ವರ್ಷ ಕಳೆದು, 1951ರಲ್ಲಿ, ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ. ಮೊದಲು ಜೋಡಣೆ, ಆಮೇಲೆ ವಿನ್ಯಾಸ. ಮನೆಯಲ್ಲಿ ಕಟ್ಟುವವನಿಗೂ ಇದೇ ಸರಿಯಾದ ಕ್ರಮ. ಮೊದಲ ವಿಮಾನವನ್ನೇ ಸ್ವಂತ ನಕ್ಷೆಯಲ್ಲಿ ಮಾಡಲು ಹೊರಡುವ ಉತ್ಸಾಹಿಯನ್ನು ಪ್ರೀತಿಯಿಂದಲೇ ತಡೆಯಬೇಕು.

ಅದೇ ಬೆಂಗಳೂರಿನಿಂದ ಕಿಟ್‌ಗಳು ಹೊರದೇಶಕ್ಕೂ ಹೋಗಿವೆ. ಫ್ರಾನ್ಸ್ ಮೂಲದ ಜೋಯೆಲ್ ಕೋಶ್ಲಾಂ ಅವರ ರಾಜ್‌ಹಂಸ ಅಲ್ಟ್ರಾಲೈಟ್ಸ್ ಮಾಡಿದ ಎಕ್ಸ್-ಏರ್ ಯುರೋಪಿನ ಎಷ್ಟೋ ಹುಲ್ಲು ಮೈದಾನಗಳಿಂದ ಮೇಲೆದ್ದಿದೆ. ಅದರ ಒಂದು ಮಾದರಿಗೆ ಹನುಮಾನ್ ಎಂದೇ ಹೆಸರು. ಬೋಲ್ಟ್ ಹಾಕಿ ಬಿಗಿಯುವ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಮೇಲೆ ದಿಂಬಿಗೆ ಕವರ್ ಹಾಕಿದಂತೆ ಎಳೆದು ಬಿಗಿಯುವ, ಮೊದಲೇ ಹೊಲಿದ ಡೇಕ್ರಾನ್ ಬಟ್ಟೆ. ಬೇಗ ಮುಗಿಯುವ ಕೆಲಸ ಬೇಕಿದ್ದವರಿಗೆ ಈ ಬಗೆಯೇ ಸರಿ.

ಇನ್ನೊಂದು ಬಗೆ ಫೈಬರ್‌ಗ್ಲಾಸಿನದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು (ಎನ್‌ಎಎಲ್) ಮನೆಯಲ್ಲಿ ಕಟ್ಟುವವರಿಗೆಂದೇ ಬರ್ಟ್ ರೂಟಾನ್ ರೂಪಿಸಿದ್ದ ಲಾಂಗ್-ಈಝಿಯನ್ನು ಆಧರಿಸಿ ಒಂದು ಹಗುರ ವಿಮಾನ ಮಾಡಿ 1987ರಲ್ಲಿ ಹಾರಿಸಿದರು. ಅಲ್ಲಿ ಪಳಗಿದ ಕೈ ಮುಂದೆ 1993ರಲ್ಲಿ ಹಾರಿದ ಹಂಸಕ್ಕೆ ನೆರವಾಯಿತು. ದೇಶದ ದೊಡ್ಡ ಪ್ರಯೋಗಾಲಯವೊಂದು ಹವ್ಯಾಸಿಗಳ ವಿಮಾನದಿಂದ ಪಾಠ ಕಲಿತದ್ದು ಹವ್ಯಾಸಿಗಳೆಲ್ಲ ಹೆಮ್ಮೆಪಡುವ ಸಂಗತಿ. ಆದರೂ ಮಂಡ್ಯದ ಗದ್ದೆ ಬಯಲಿನಲ್ಲಿ ಮೊದಲ ಸಲ ಕೆಲಸಕ್ಕೆ ಕೈಹಾಕುವವನಿಗೆ ಈ ದಾರಿ ಕಷ್ಟ. ಎಪಾಕ್ಸಿ ಅಂಟನ್ನು ತೂಕ ಹಾಕಿಯೇ ಬೆರೆಸಬೇಕು. ಬೇಸಿಗೆಯ ಮಧ್ಯಾಹ್ನ ಅದು ಬಟ್ಟಲಿನಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ, ಮಳೆಗಾಲದ ತೇವದಲ್ಲಿ ಮೇಲೆ ಮೇಣದಂಥ ಪೊರೆ ಕಟ್ಟುತ್ತದೆ. ನಾಲೆ ನೀರು ಹರಿಯುವ ತಿಂಗಳುಗಳಲ್ಲಿ ಊರಿನ ಗಾಳಿಯೇ ತೇವ.

ಉಳಿದದ್ದು ರಿವೆಟ್ ಹೊಡೆದ ಅಲ್ಯೂಮಿನಿಯಂ. ಇದು ಹವಾಮಾನಕ್ಕೆ ಅಂಜುವುದಿಲ್ಲ, ಇವತ್ತು ಬಿಟ್ಟ ಕೆಲಸವನ್ನು ತಿಂಗಳು ಬಿಟ್ಟು ಹಿಡಿಯಬಹುದು. ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ ವಿಮಾನಗಳು ಈ ಬಗೆಯವು. ಜಗತ್ತಿನಾದ್ಯಂತ ಹನ್ನೊಂದು ಸಾವಿರಕ್ಕೂ ಹೆಚ್ಚು ಆರ್‌ವಿಗಳನ್ನು ಜನ ಕಟ್ಟಿ ಮುಗಿಸಿದ್ದಾರೆ. ಸರಳ ಮಾದರಿಗೂ ಸಾವಿರ ಗಂಟೆಯ ದುಡಿಮೆ ಇಟ್ಟುಕೊಳ್ಳಬೇಕು. ವಾರಕ್ಕೆ ಹತ್ತು ಗಂಟೆ ಕೊಟ್ಟರೂ ಎರಡು ವರ್ಷ.

ಆ ಎರಡು ವರ್ಷದ ಸುಖವೆಲ್ಲ ಒಂದು ರಿವೆಟ್ಟಿನಲ್ಲಿದೆ. ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಕ್ಲಿಕೋ ಎಂಬ ಸ್ಪ್ರಿಂಗ್ ಪಿನ್ನುಗಳಿಂದ ಅಲ್ಲಲ್ಲಿ ಕಚ್ಚಿಸಿ, 3.2 ಮಿಲಿಮೀಟರ್ ರಿವೆಟ್ಟಿಗೆ ಕೂದಲೆಳೆಯಷ್ಟು ದೊಡ್ಡ ತೂತು ಕೊರೆಯುತ್ತಾರೆ. ಆಮೇಲೆ ಹಾಳೆಗಳನ್ನು ಬಿಡಿಸಿ, ತೂತಿನ ಅಂಚಿಗೆ ಎದ್ದ ಚೂರನ್ನು ತಿರುಗುವ ಕೊರೆಯಿಂದ ಒಂದೇ ಒಂದು ಸುತ್ತು ಸವರುತ್ತಾರೆ. ಬೆರಳ ತುದಿ ಆಡಿಸಿದರೆ ಏನೂ ತಾಗಬಾರದು. ತೂತಿನ ನಡುವಿನಿಂದ ಹಾಳೆಯ ಅಂಚಿಗೆ ರಿವೆಟ್ಟಿನ ವ್ಯಾಸದ ಎರಡು ಪಟ್ಟು, ಅಂದರೆ 6.4 ಮಿಲಿಮೀಟರ್ ಆದರೂ ಇರಬೇಕು. ಈಗ ತೂತಿಗೆ ರಿವೆಟ್ ಹಾಕಿ, ಒಬ್ಬರು ಈಚೆಯಿಂದ ರಿವೆಟ್ ಗನ್ ಹಿಡಿದರೆ ಇನ್ನೊಬ್ಬರು ಆಚೆಯಿಂದ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯುತ್ತಾರೆ. ಟರ್ರ್ ಎಂದು ಅರೆಕ್ಷಣ. ಬಾಲ ಚಪ್ಪಟೆಯಾಗಿ 4.8 ಮಿಲಿಮೀಟರ್ ಅಗಲ, 1.6 ಮಿಲಿಮೀಟರ್ ಎತ್ತರಕ್ಕೆ ಕೂತಿತೆಂದರೆ ಆಯಿತು. ಗಂಡ ಹೆಂಡತಿ, ಅಣ್ಣ ತಮ್ಮ ಒಂದು ವಾರ ಹೀಗೆ ಎದುರುಬದುರು ಕೂತರೆ ಮಾತಿಲ್ಲದೆಯೇ ಇಬ್ಬರ ಕೈ ಒಂದಾಗುತ್ತದೆ. ಒರಳಿನಲ್ಲಿ ಜೋಡಿ ಒನಕೆ ಹಾಕಿದವರಿಗೆ ಆ ಲಯ ಗೊತ್ತು.

ಇಂಥವು ಒಂದು ವಿಮಾನದಲ್ಲಿ ಹತ್ತು ಸಾವಿರಕ್ಕೂ ಮೀರಿ ಇರುತ್ತವೆ. ಒಂದು ಕೊಂಚ ಓರೆಯಾದರೆ ಕೊರೆದು ತೆಗೆಯಲು ಅವಸರ ಬೇಡ. ತೆಗೆಯುವಾಗ ತೂತು ಅಗಲವಾದರೆ ಓರೆ ರಿವೆಟ್ಟಿಗಿಂತ ಕೆಟ್ಟದ್ದು. ತೂತಿನ ಅಂಚು ಎಷ್ಟು ದೊಡ್ಡ ವಿಷಯ ಎಂಬುದನ್ನು 2023ರಲ್ಲಿ ಜಗತ್ತಿನ ಕಿಟ್ ಕಟ್ಟುವವರೆಲ್ಲ ಕಂಡರು. ಲೇಸರ್‌ನಿಂದ ಕತ್ತರಿಸಿದ ಭಾಗಗಳ ತೂತುಗಳಲ್ಲಿ ಸಣ್ಣ ಬಿರುಕು ಕಾಣಿಸಿ, ಸಾವಿರಾರು ಭಾಗಗಳನ್ನು ಬದಲಿಸಬೇಕಾಯಿತು. ಕಿಟ್ ಬಂದ ಕೂಡಲೆ ಪ್ರತಿ ಭಾಗವನ್ನೂ ಪಟ್ಟಿಯೊಂದಿಗೆ ತಾಳೆ ನೋಡಿ, ಭೂತಗನ್ನಡಿ ಹಿಡಿದು ಅಂಚು ನೋಡಿ, ಫೋಟೊ ತೆಗೆದಿಡುವ ಅಭ್ಯಾಸ ಆಗಬೇಕು. ಆ ಫೋಟೊಗಳೂ ದಿನಚರಿ ಪುಸ್ತಕವೂ ಮುಂದೆ ತಪಾಸಣೆಗೆ ಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ಪತ್ರ ಬರೆದು, ಯಾವ ವರ್ಗದಲ್ಲಿ ನೋಂದಣಿ, ಯಾವ ಹಂತದಲ್ಲಿ ತಪಾಸಣೆ ಎಂಬುದನ್ನು ಕಾಗದದಲ್ಲಿ ಪಡೆದ ಮೇಲಷ್ಟೇ ಕಿಟ್‌ಗೆ ದುಡ್ಡು ಕಟ್ಟಬೇಕು. ಅಮೋಲ್ ಯಾದವ್ ಅವರ ವಿಮಾನಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಲು ಅನುಮತಿ 2019ರಲ್ಲಿ.

ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲದ ಪಾಠವೊಂದಿದೆ. ಕಬ್ಬಿನ ಗಾಡಿ ತುಂಬುವಾಗ ಹೊಲದಲ್ಲಿ ಕೂಗು ಏಳುತ್ತದೆ: ‘ಮೂಕಿ ಭಾರ ಆಯ್ತು ಕಣ್ಲಾ, ಒಸಿ ಹಿಂದಕ್ಕೆ ಹಾಕು!’ ಭಾರ ಮುಂದಾದರೆ ನೊಗ ಎತ್ತಿನ ಹೆಗಲನ್ನು ಅಮುಕುತ್ತದೆ, ಹಿಂದಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ವಿಮಾನದ ಕಥೆಯೂ ಇದೇ. ಮೂಗು ಭಾರವಾದರೆ ಇಳಿಯುವಾಗ ಮೂಗೆತ್ತಲು ಬಾಲಕ್ಕೆ ಬಲ ಸಾಲದು. ಬಾಲ ಭಾರವಾದರೆ ಮೂಗು ತಾನೇ ಮೇಲೇಳುತ್ತ ಹೋಗಿ ವಿಮಾನ ಕೈತಪ್ಪುತ್ತದೆ, ಮತ್ತು ಇದೇ ಹೆಚ್ಚು ಅಪಾಯ.

ಕಟ್ಟಿ ಮುಗಿದ ವಿಮಾನವನ್ನು ಮಟ್ಟವಾಗಿ ನಿಲ್ಲಿಸಿ ಮೂರು ಚಕ್ರಗಳ ಕೆಳಗೆ ಮೂರು ತಕ್ಕಡಿ ಇಡುತ್ತಾರೆ. ಹಿಂದಿನ ಎರಡರಲ್ಲಿ ತಲಾ 120 ಕಿಲೊ, ಮುಂದಿನದರಲ್ಲಿ 60 ಎಂದುಕೊಳ್ಳಿ. ಮೂಗಿನಿಂದ ಹಿಂದಿನ ಚಕ್ರಗಳು 2 ಮೀಟರ್, ಮುಂದಿನದು ಅರ್ಧ ಮೀಟರ್ ದೂರ. ತೂಕವನ್ನು ದೂರದಿಂದ ಗುಣಿಸಿ ಕೂಡಿದರೆ 510. ಒಟ್ಟು ತೂಕ 300ರಿಂದ ಭಾಗಿಸಿದರೆ 1.7. ಮೂಗಿನಿಂದ 1.7 ಮೀಟರ್ ಹಿಂದೆ ವಿಮಾನದ ಭಾರದ ನಡು. ವಿನ್ಯಾಸಕಾರ ಕೊಟ್ಟ ಮಿತಿಯೊಳಗೆ ಅದು ಬೀಳಬೇಕು, ಚಾಲಕ ಕೂತ ಮೇಲೂ, ಪೆಟ್ರೋಲ್ ತೀರಿದ ಮೇಲೂ. ಈ ಕಾರಣಕ್ಕೇ ಬಾಲದ ಕಡೆ ಒಂದು ಕೋಟು ಬಣ್ಣ ಹೆಚ್ಚಾಗಿ ಬಳಿಯುವ ಮುನ್ನವೂ ಯೋಚಿಸಬೇಕು.

ಪೆಟ್ರೋಲ್ ವಿಷಯದಲ್ಲಿ ಮಂಡ್ಯದ ಬೆಳೆಯೇ ಎದುರಾಗುತ್ತದೆ. ಕಬ್ಬಿನಿಂದ ಬರುವ ಎಥನಾಲ್ ಈಗ ಬಂಕಿನ ಪೆಟ್ರೋಲ್‌ನಲ್ಲಿ ಶೇಕಡಾ 20ರಷ್ಟಿದೆ. ಸಣ್ಣ ವಿಮಾನಗಳಲ್ಲಿ ಹೆಚ್ಚಾಗಿ ಬಳಸುವ ರೋಟ್ಯಾಕ್ಸ್ 912 ಎಂಜಿನ್‌ಗೆ ತಯಾರಕರು ಒಪ್ಪುವುದು ಶೇಕಡಾ 10ರವರೆಗೆ. ಎಥನಾಲ್ ನೀರನ್ನು ಹೀರುತ್ತದೆ, ಕೆಲವು ಟ್ಯಾಂಕುಗಳ ಒಳಲೇಪವನ್ನು ಮೆತ್ತಗಾಗಿಸುತ್ತದೆ. ಇಂಧನ ಎಲ್ಲಿಂದ ತರುವುದೆಂಬುದನ್ನು ಎಂಜಿನ್ ಆರಿಸುವ ದಿನವೇ ತೀರ್ಮಾನಿಸಬೇಕು. ನಿಲ್ಲಿಸಿದ ವಿಮಾನದಲ್ಲಿ ಗಾಳಿಯ ವೇಗ ಅಳೆಯುವ ಸಣ್ಣ ಕೊಳವೆಯ ಬಾಯಿಗೆ ಬಟ್ಟೆಯ ಚೀಲ ಹಾಕುವುದನ್ನೂ ಮರೆಯಬಾರದು. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಆ ತೂತು ಬಲು ಇಷ್ಟ.

ಮಂಡ್ಯ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಹಾಗಾಗಿ ಕೊನೆಗೊಂದು ದಿನ ರೆಕ್ಕೆ ಬಿಚ್ಚಿ ಲಾರಿಗೆ ಏರಿಸಲೇಬೇಕು. ಟ್ರ್ಯಾಕ್ಟರ್ ಟ್ರೇಲರ್ ಆಗದು, 2023ರಲ್ಲಿ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದಕ್ಕೆ ಪ್ರವೇಶವಿಲ್ಲ. ಕಬ್ಬು ಅರೆಯುವ ಕಾಲದಲ್ಲಾದರೆ ಮಳವಳ್ಳಿ–ಮದ್ದೂರು ರಸ್ತೆಯಲ್ಲಿ ಗಾಡಿ, ಲಾರಿಗಳ ಸಾಲು ಹಿಡಿಯುವ ಮೊದಲೇ, ನಸುಕಿನಲ್ಲೇ ಹೊರಡಬೇಕು. ರೆಕ್ಕೆಗಳನ್ನು ಮುಂದಿನ ಅಂಚು ಕೆಳಗಾಗಿ ನಿಲ್ಲಿಸಿ, ಕೆಳಗೆ ಒಣಹುಲ್ಲು ತುಂಬಿದ ಗೋಣಿಚೀಲ, ನಡುವೆ ಹಳೇ ಕಂಬಳಿ. ರೆಕ್ಕೆ ಕೂರಿಸುವ ಬೋಲ್ಟುಗಳು ಲಾರಿಯ ಹಿಂದಿನ ಪೆಟ್ಟಿಗೆಯಲ್ಲಿ ಬೇಡ. ಎಣಿಸಿ, ಬಟ್ಟೆಯಲ್ಲಿ ಸುತ್ತಿ, ಕಟ್ಟಿದವನ ಅಂಗಿಯ ಜೇಬಿನಲ್ಲೇ ಇರಲಿ. ಬೆಂಗಳೂರಿನ ಜಕ್ಕೂರಿಗೋ ಮೈಸೂರಿನ ಮಂಡಕಳ್ಳಿಗೋ ಹೋಗಿ ಇಳಿದ ಮೇಲೆ ಮೊದಲು ಬೇಕಾಗುವುದು ಅವೇ.