ಪಟ್ಟಿಯಲ್ಲಿದ್ದ ಸಂಖ್ಯೆ



1984ರಲ್ಲಿ ಏಳನೆಯ ತರಗತಿಗೆ ನಾನು ವಿಜ್ಞಾನ ಬೋಧಿಸುತ್ತಿದ್ದೆ. ಆಹಾರದ ಪಾಠ ಬಂದಾಗ, ಹಿಂದಿನ ದಿನ ಉಂಡದ್ದನ್ನು ಬರೆದು ತರುವಂತೆ ಮಕ್ಕಳಿಗೆ ಹೇಳಿ, ನಿತ್ಯ ಬೇಕಾದ ಪೋಷಕಾಂಶಗಳ ಪಟ್ಟಿಯೊಡನೆ ಒಬ್ಬೊಬ್ಬರ ಲೆಕ್ಕವನ್ನೂ ತಾಳೆ ನೋಡಿದೆ. ಒಬ್ಬ ಹುಡುಗಿ ಬರೆದದ್ದು ಇಷ್ಟೇ: ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ರೊಟ್ಟಿ ಚಟ್ನಿ, ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು. ಪ್ರೋಟೀನಿನ ಲೆಕ್ಕ ತುಸು ಕಡಿಮೆ ಬಂದಿತು. "ನಿಮ್ಮ ಮನೆಯ ಊಟ ಸಾಲದಮ್ಮ" ಎಂದು ಎಲ್ಲರೆದುರು ಹೇಳಿಬಿಟ್ಟೆ. ಮರುದಿನ ಅವಳ ಹಾಳೆಯಲ್ಲಿ ಹಾಲು, ಮೊಟ್ಟೆ ಎಲ್ಲವೂ ಇದ್ದವು. ಅವು ಆ ಮನೆಯಲ್ಲಿ ಇರಲಾರವೆಂದು ನನಗೆ ಗೊತ್ತಿತ್ತು, ಆದರೂ ಸುಮ್ಮನಿದ್ದೆ.

ಈಚೆಗೆ ಆಹಾರವಿಜ್ಞಾನ ಓದುತ್ತಿರುವ ನನ್ನ ಮೊಮ್ಮಗಳ ಮುಂದೆ ಈ ಪ್ರಸಂಗವನ್ನು ಹೇಳಿದೆ. "ತಾತ, ಆ ಸಂಖ್ಯೆ ಹೇಗೆ ಬರುತ್ತದೆಂದು ಗೊತ್ತೇ?" ಎಂದಳು. ನಾಚಿಕೆಯಿಂದಲೇ ಇಲ್ಲವೆಂದೆ.

ಅವಳು ವಿವರಿಸಿದಳು. ಆರೋಗ್ಯವಂತರಿಗೆ ಬೇರೆ ಬೇರೆ ಪ್ರಮಾಣದ ಪ್ರೋಟೀನು ಕೊಟ್ಟು, ದೇಹಕ್ಕೆ ಸೇರಿದ ಸಾರಜನಕವನ್ನೂ ಹೊರಹೋದ ಸಾರಜನಕವನ್ನೂ ಅಳೆಯುತ್ತಾರೆ. ಎರಡೂ ಸರಿದೂಗುವ ಪ್ರಮಾಣವೇ ಆ ವ್ಯಕ್ತಿಯ ಅಗತ್ಯ. ಅದು ಎಲ್ಲರಿಗೂ ಒಂದೇ ಅಲ್ಲ. ವಯಸ್ಕರಲ್ಲಿ ದೇಹತೂಕದ ಪ್ರತಿ ಕಿಲೋಗೆ ಸುಮಾರು 0.66 ಗ್ರಾಂ ಸರಾಸರಿ. ಅಂದರೆ ಅಷ್ಟು ಉಂಡರೆ ಅರ್ಧದಷ್ಟು ಜನರಿಗೆ ಸಾಕು, ಉಳಿದರ್ಧಕ್ಕೆ ಸಾಲದು. ಆದ್ದರಿಂದ ವ್ಯಕ್ತಿಗಳ ನಡುವಣ ವ್ಯತ್ಯಾಸದ ಅಳತೆಯಾದ ಪ್ರಮಾಣಿತ ವಿಚಲನೆಯ ಸುಮಾರು ಎರಡರಷ್ಟನ್ನು ಅದಕ್ಕೆ ಕೂಡಿಸಿ 0.83 ಗ್ರಾಂ ಶಿಫಾರಸು ಮಾಡುತ್ತಾರೆ. ಆಗ ನೂರರಲ್ಲಿ 97 ಮಂದಿಗಾದರೂ ಸಾಕಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ವರದಿ ಈ ಎರಡೂ ಸಂಖ್ಯೆಗಳನ್ನು ಬೇರೆಬೇರೆಯಾಗಿ ಕೊಡುತ್ತದೆ. 65 ಕಿಲೋ ತೂಕದ ಪುರುಷನಿಗೆ ಸರಾಸರಿ ಅಗತ್ಯ ದಿನಕ್ಕೆ ಸುಮಾರು 43 ಗ್ರಾಂ. ಶಿಫಾರಸು 54 ಗ್ರಾಂ. ಶಕ್ತಿಯ ವಿಷಯದಲ್ಲಿ ಮಾತ್ರ ಹೀಗೆ ಕೂಡಿಸುವುದಿಲ್ಲ. ಹೆಚ್ಚಾದ ಕ್ಯಾಲೊರಿ ಬೊಜ್ಜಾಗುತ್ತದೆ.

ಉದ್ದನೆಯವನ ತಲೆಗೂ ತಾಗದಂತೆ ಬಾಗಿಲನ್ನು ಎತ್ತರಿಸಿ ಕಟ್ಟಿದ ಹಾಗೆ ಈ ಲೆಕ್ಕ. ಬಾಗಿಲಿಗಿಂತ ಗಿಡ್ಡನಾದವನಲ್ಲಿ ಕೊರತೆಯಿದೆಯೆಂದು ಯಾರೂ ಹೇಳುವುದಿಲ್ಲ. ನಾನು ಹೇಳಿದ್ದೆ!

ಹಾಗೆಂದು ಪಟ್ಟಿ ನಿರರ್ಥಕವಲ್ಲ. ಉಣ್ಣುವುದು ಸರಾಸರಿಗಿಂತಲೂ ಕೆಳಗಿಳಿದಷ್ಟೂ ಕೊರತೆಯ ಸಂಭವ ಹೆಚ್ಚುತ್ತದೆ. ಬಡತನದ ಹಸಿವೂ ಸುಳ್ಳಲ್ಲ. ಆದರೆ ಒಂದು ಮಗುವಿಗೆ ಕೊರತೆಯಿದೆಯೇ ಎಂದು ತಿಳಿಯಲು ಅದರ ತೂಕ, ಬೆಳವಣಿಗೆ, ರಕ್ತಪರೀಕ್ಷೆಗಳನ್ನು ನೋಡಬೇಕು. ಒಂದು ದಿನದ ಊಟದ ಹಾಳೆ ಅದನ್ನು ಹೇಳಲಾರದು. ನಾನಂತೂ ಆ ಹುಡುಗಿಯ ಕಡೆ ನೋಡಲೇ ಇಲ್ಲ, ಕರಿಹಲಗೆಯನ್ನಷ್ಟೇ ನೋಡಿದೆ.

ಅವಳೀಗ ಎಲ್ಲಿರುವಳೋ ತಿಳಿಯದು. ಈ ಬರಹ ಅವಳ ಕಣ್ಣಿಗೆ ಬಿದ್ದರೆ ಇಷ್ಟು ಹೇಳಬೇಕು: ತಾಯಿ, ಅಂದು ತಪ್ಪು ಬರೆದವಳು ನೀನಲ್ಲ, ಪಟ್ಟಿಯನ್ನು ತಪ್ಪಾಗಿ ಓದಿದವನು ನಿನ್ನ ಮೇಷ್ಟರು.