ಮುಟ್ಟಿ ನೋಡಿದ ಚಿತ್ರ

ಹೋದ ತಿಂಗಳು ಊರಿಗೆ ಹೋದಾಗ ಅಪ್ಪನಿಗೆ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದೆ. ಕಪ್ಪು ಹಿನ್ನೆಲೆ, ಎದುರುಬದುರಾಗಿ ಎರಡು ಲೋಹದ ಸೂಜಿಮೊನೆ, ಅವುಗಳ ನಡುವೆ ಒಂದು ನೀಲಿ ಚುಕ್ಕೆ. ಆ ಚುಕ್ಕೆ ಒಂದೇ ಒಂದು ಪರಮಾಣು! ಸ್ಟ್ರಾಂಷಿಯಂ ಎಂಬ ಲೋಹದ್ದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಡೇವಿಡ್ ನಾಡ್ಲಿಂಗರ್ ಸಾಮಾನ್ಯ ಕ್ಯಾಮೆರಾದಲ್ಲೇ ತೆಗೆದ ಫೋಟೊ ಇದು. 2018ರಲ್ಲಿ ಬ್ರಿಟನ್ನಿನ ಒಂದು ವಿಜ್ಞಾನ ಛಾಯಾಚಿತ್ರ ಸ್ಪರ್ಧೆಯಲ್ಲಿ ಇದಕ್ಕೆ ಮೊದಲ ಸ್ಥಾನ ಸಿಕ್ಕಿತು. ಆ ಎರಡು ಸೂಜಿಮೊನೆಗಳ ನಡುವಿನ ಅಂತರ ಸುಮಾರು 2 ಮಿಲಿಮೀಟರ್ ಮಾತ್ರ.

"ಎಲ್ಲಿದೆಯೋ ಚುಕ್ಕೆ?" ಅಂದರು ಅಪ್ಪ.

ನಾನು ಬೆರಳಿಟ್ಟು ತೋರಿಸಿದೆ. ದೊಡ್ಡದು ಮಾಡಿದೆ. ಅಪ್ಪ ಮೊಬೈಲನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕಿಟಕಿ ಕಡೆ ತಿರುಗಿದರು. "ಸೂಜಿ ಥರ ಏನೋ ಕಾಣ್ತದೆ. ಚುಕ್ಕೆ ಕಾಣ್ತಿಲ್ಲ ಕಣೋ" ಅಂತ ಮೊಬೈಲ್ ವಾಪಸ್ ಕೊಟ್ಟರು.

ನನಗೆ ಪಿಚ್ಚೆನಿಸಿತು. ಅಪ್ಪ ಟೈಲರ್. ಸಕ್ಕರೆ ಕಾಯಿಲೆ ಕಣ್ಣಿನ ಒಳಪದರವನ್ನು ಹಾಳು ಮಾಡಿದೆ. ಇರುವ ದೃಷ್ಟಿಯನ್ನು ಉಳಿಸಿಕೊಳ್ಳಬಹುದು, ಹೋದದ್ದು ಮತ್ತೆ ಬರುವುದಿಲ್ಲ ಅಂತ ಡಾಕ್ಟರ್ ಹೇಳಿಬಿಟ್ಟಿದ್ದಾರೆ. ಎರಡು ತಿಂಗಳ ಹಿಂದೆ ಯಾರದೋ ರೇಷ್ಮೆ ರವಿಕೆಯ ಕತ್ತು ತಪ್ಪು ಕತ್ತರಿಸಿ, ಬಟ್ಟೆಯ ದುಡ್ಡು ಕೊಡಬೇಕಾಯಿತು. ನಿಜ ಹೇಳಬೇಕೆಂದರೆ ನಾನು ಈ ಸಲ ಊರಿಗೆ ಹೋಗಿದ್ದೇ ಅಂಗಡಿ ಮುಚ್ಚಿಸುವುದಕ್ಕೆ. ಆ ಮಾತು ಹೇಗೆ ತೆಗೆಯುವುದು ಅಂತ ತಿಳಿಯದೆ ಫೋಟೊ ತೋರಿಸುತ್ತಾ ಕೂತಿದ್ದೆ.

ಮಾತು ಮರೆಸಲು ಇನ್ನೊಂದು ಚಿತ್ರ ತೆಗೆದೆ. ಇದು ಪರದೆಯ ತುಂಬಾ ಇರುವಂಥದ್ದು.

"ಇದು ಕಾಣ್ತದೆ," ಅಂದರು ತಕ್ಷಣ. "ಬಳೆ. ಸುತ್ತ ಮಣಿ ಪೋಣಿಸಿದ ಹಾಗಿದೆ. ಒಳಗೆ ನೀರಿನ ಅಲೆ."

ಎಂಥ ಸರಿಯಾದ ವರ್ಣನೆ! ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಐಬಿಎಂ ಸಂಶೋಧನಾಲಯದ ಕ್ರೊಮ್ಮಿ, ಲುಟ್ಜ್ ಮತ್ತು ಐಗ್ಲರ್ 1993ರಲ್ಲಿ ಪ್ರಕಟಿಸಿದ ಚಿತ್ರ ಅದು. ಮಣಿಗಳು 48 ಕಬ್ಬಿಣದ ಪರಮಾಣುಗಳು. ತಾಮ್ರದ ನುಣುಪು ಮೇಲ್ಮೈ ಮೇಲೆ, ಮೈನಸ್ 269 ಡಿಗ್ರಿ ಚಳಿಯಲ್ಲಿ, ಒಂದೊಂದನ್ನೇ ಎಳೆದು ತಂದು ದುಂಡಗೆ ಜೋಡಿಸಿದ್ದು. ಬಳೆಯ ಅಡ್ಡಳತೆ ಸುಮಾರು 14 ನ್ಯಾನೊಮೀಟರ್. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಸಾವಿರಾರು ಬಳೆಗಳನ್ನು ಸಾಲಾಗಿ ಇಡಬಹುದು.

"ಯಾವ ಕ್ಯಾಮೆರಾದಲ್ಲಿ ತೆಗೆದ್ರು?"

"ಇದು ಕ್ಯಾಮೆರಾದಲ್ಲಿ ತೆಗೆದದ್ದಲ್ಲ ಅಪ್ಪ. ಸೂಜಿಯಲ್ಲಿ."

ಸೂಜಿ ಅಂದ ಕೂಡಲೇ ಅಪ್ಪ ನೆಟ್ಟಗೆ ಕೂತರು. ನನಗೆ ತಿಳಿದಷ್ಟನ್ನು ಹೇಳಿದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 400ರಿಂದ 700 ನ್ಯಾನೊಮೀಟರ್. ಪರಮಾಣುವಿನ ಅಗಲ ಒಂದು ನ್ಯಾನೊಮೀಟರಿಗಿಂತ ಎಷ್ಟೋ ಕಡಿಮೆ. ಅಂಥ ಬೆಳಕಿನಲ್ಲಿ ಪರಮಾಣುವಿನ ಆಕಾರ ಹುಡುಕುವುದು ದಪ್ಪ ಉಣ್ಣೆಯ ಕೈಚೀಲ ಹಾಕಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಮೊದಲಿನ ಫೋಟೊದ ಚುಕ್ಕೆ ಕೂಡ ಪರಮಾಣುವಿನ ಆಕಾರವಲ್ಲ. ಲೇಸರ್ ಬಿದ್ದಾಗ ಅದು ಹೊಮ್ಮಿಸುವ ಬೆಳಕನ್ನು ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದು ಹಿಡಿದದ್ದು. ರಾತ್ರಿ ದೂರದ ಗುಡ್ಡದ ಮೇಲೆ ಯಾರೋ ಟಾರ್ಚ್ ಹಿಡಿದರೆ ಬೆಳಕು ಕಾಣುತ್ತದೆ, ಆದರೆ ಮನುಷ್ಯ ಕಾಣುವುದಿಲ್ಲ. ಹಾಗೆ.

ಆಕಾರ ತಿಳಿಯಲು ಬೇರೆ ದಾರಿ ಬೇಕಿತ್ತು. 1981ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ಅದನ್ನು ಕಂಡುಕೊಂಡರು. ತೀರ ಚೂಪಾದ ಲೋಹದ ಸೂಜಿಯನ್ನು ಮೇಲ್ಮೈಗೆ ತಾಗೀತು ಅನ್ನುವಷ್ಟು ಹತ್ತಿರ ತರುವುದು, ಆದರೆ ತಾಗಿಸದಿರುವುದು. ಆ ಸಣ್ಣ ಸಂದಿನಲ್ಲೂ ಎಲೆಕ್ಟ್ರಾನುಗಳು ನುಸುಳಿ ವಿದ್ಯುತ್ ಹರಿಯುತ್ತದೆ. ಸೂಜಿ ಒಂದು ನ್ಯಾನೊಮೀಟರಿನ ಹತ್ತನೇ ಒಂದು ಭಾಗದಷ್ಟು ಮೇಲೆ ಹೋದರೆ ಸಾಕು, ವಿದ್ಯುತ್ ಸುಮಾರು ಹತ್ತನೇ ಒಂದಕ್ಕೆ ಇಳಿದುಬಿಡುತ್ತದೆ. ಆ ಹರಿವು ಒಂದೇ ಸಮ ಇರುವಂತೆ ಸೂಜಿಯನ್ನು ಏರಿಸುತ್ತಾ ಇಳಿಸುತ್ತಾ ಸಾಲುಸಾಲಾಗಿ ಓಡಿಸಿದರೆ, ಆ ಏರಿಳಿತವೇ ಮೇಲ್ಮೈಯ ಉಬ್ಬುತಗ್ಗಿನ ಲೆಕ್ಕ. ಈ ಕೆಲಸಕ್ಕೆ ಇಬ್ಬರಿಗೂ 1986ರ ನೊಬೆಲ್ ಬಹುಮಾನದಲ್ಲಿ ಪಾಲು ಬಂತು.

"ತಾಗಿಸಲ್ಲ ಅಂತೀಯ. ಮತ್ತೆ ಗೊತ್ತಾಗೋದು ಹೇಗೆ?"

"ಇಸ್ತ್ರಿಪೆಟ್ಟಿಗೆ ಕಾದಿದೆಯಾ ಅಂತ ನೀವು ಕೈ ಹತ್ತಿರ ಹಿಡಿದು ನೋಡಲ್ವಾ? ಹಾಗೆ."

ಅಪ್ಪ ತಲೆಯಾಡಿಸಿದರು. ಅವರಿಗೆ ಬಹಳ ಇಷ್ಟವಾದದ್ದು ಮುಂದಿನ ಕತೆ. ಬಿನ್ನಿಗ್ ಮತ್ತು ರೋರರ್ ತಂಡ ಸಿಲಿಕಾನಿನ ಮೇಲ್ಮೈಯನ್ನು ಹೀಗೆ ತಡವಿ ನೋಡಿದಾಗ, ಯಂತ್ರ ಕಾಗದದ ಮೇಲೆ ಗೆರೆಗಳನ್ನು ಬರೆದಿತ್ತು. ಅವರು ಆ ಗೆರೆಗಳ ಗುಂಟ ಕತ್ತರಿಸಿ, ಒಂದರ ಪಕ್ಕ ಒಂದು ಅಂಟಿಸಿ, ಉಬ್ಬುತಗ್ಗಿನ ಮಾದರಿಯನ್ನೇ ಕಟ್ಟಿದರು. 1983ರಲ್ಲಿ ಅದು ಪ್ರಕಟವಾಯಿತು. ಹೆಂಚು ಹಾಸಿದಂತೆ ಒಂದೇ ಅಳತೆಯ ವಜ್ರಾಕಾರದ ಮನೆಗಳು, ಮನೆಗೆ ಹನ್ನೆರಡು ಉಬ್ಬು.

"ನೊಬೆಲ್ ಬಂದೋರೂ ಪೇಪರ್ ಕಟಿಂಗ್ ಮಾಡಿದ್ರಾ!" ಅಂತ ಅಪ್ಪ ನಕ್ಕರು. ಆಮೇಲೆ ಮತ್ತೆ ಬಳೆಯ ಚಿತ್ರಕ್ಕೆ ಬಂದರು. "ಈ ಬಣ್ಣ ಯಾರು ಕೊಟ್ಟಿದ್ದು?"

ಬಣ್ಣ ಕಂಪ್ಯೂಟರಿನದು ಅಂದೆ. ಅಷ್ಟು ಸಣ್ಣ ಜಾಗದಲ್ಲಿ ನಾವು ತಿಳಿದಿರುವ ಬಣ್ಣ ಅನ್ನುವುದೇ ಇಲ್ಲ. ಯಂತ್ರ ಕೊಡುವುದು ಅಂಕಿ. ಆಫೀಸಿನಲ್ಲಿ ನಾನೂ ದಿನಾ ಅದನ್ನೇ ಮಾಡುತ್ತೇನೆ, ಅಂಕಿಗಳ ರಾಶಿಗೆ ಕೆಂಪು ಹಸಿರು ಹಚ್ಚಿ ಗ್ರಾಫ್ ಮಾಡಿ ಕೊಡುವುದು.

"ಹಾಗಾದ್ರೆ ಸುಳ್ಳು ಚಿತ್ರಾನಾ?"

"ಬಣ್ಣ ನಮ್ಮದು. ಉಬ್ಬುತಗ್ಗು ಅಲ್ಲಿಯದೇ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಮುಟ್ಟಿ ನೋಡಿದ್ದು ಅನ್ನು," ಅಂದರು.

ಆ ಮಾತು ನನ್ನೊಳಗೆ ಉಳಿದುಬಿಟ್ಟಿತು. ನಾವು ಮುಟ್ಟಿ ನೋಡುತ್ತೇವೆ, ಮೂಸಿ ನೋಡುತ್ತೇವೆ, ಸಾರಿನ ಉಪ್ಪು ನೋಡುತ್ತೇವೆ, ಪಕ್ಕದ ಮನೆಯವರನ್ನು ಕೇಳಿ ನೋಡುತ್ತೇವೆ. ನೋಡುವ ಕೆಲಸವನ್ನು ಕನ್ನಡ ಯಾವತ್ತೂ ಕಣ್ಣೊಂದಕ್ಕೇ ಬಿಟ್ಟುಕೊಟ್ಟಿಲ್ಲ. 'ಪರಮಾಣುವನ್ನು ನೋಡಲು ಸಾಧ್ಯವೇ' ಎಂಬ ಪ್ರಶ್ನೆ ಅಪ್ಪನಿಗೆ ಪ್ರಶ್ನೆಯೇ ಅಲ್ಲ.

ಅಲೆಗಳ ವಿಷಯದಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಬಳೆಯೊಳಗಿನ ಆ ಉಂಗುರಗಳು ಎಲೆಕ್ಟ್ರಾನಿನ ಅಲೆಗಳು. ಕಬ್ಬಿಣದ ಬೇಲಿಗೆ ಬಡಿದು ವಾಪಸಾಗಿ, ತಮ್ಮನ್ನು ತಾವೇ ಕೂಡಿಕೊಂಡು ನಿಂತಲ್ಲೇ ನಿಂತ ಅಲೆಗಳು. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ 'ಪೆಟ್ಟಿಗೆಯೊಳಗಿನ ಕಣ' ಅಂತ ಇದೇ ಲೆಕ್ಕವನ್ನು ಉರುಹೊಡೆದು, ಪರೀಕ್ಷೆಯಲ್ಲಿ ಒಂದು ಸಾಲೂ ತಪ್ಪದೆ ಬರೆದು ಮಾರ್ಕ್ಸ್ ತಗೊಂಡಿದ್ದೆ. ಎಷ್ಟೋ ವರ್ಷ ಕಳೆದು ಈ ಚಿತ್ರ ಕಂಡಾಗಲೇ, ಅರೆ, ಇದು ನಿಜವಾಗಿಯೂ ಇದೆ ಅನ್ನಿಸಿದ್ದು. ಕಣ್ಣು ಸರಿಯಿದ್ದೂ ಓದಿದ್ದೆ ಅಷ್ಟೇ, ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಕೂತಿದ್ದೆ. ಒಬ್ಬರು ಚೂಡಿದಾರದ ಬಟ್ಟೆ ತಂದು, ಅಪ್ಪಟ ಹತ್ತಿ ಅಂದರು. ಅಪ್ಪ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಮ್ಮೆ ಉಜ್ಜಿದರು. "ಪಾಲಿಯೆಸ್ಟರ್ ಸೇರಿದೆಯಮ್ಮ. ಸೆಖೆಗೆ ಮೈಗೆ ಅಂಟುತ್ತೆ," ಅಂದರು. ಸೂಜಿಗೆ ದಾರ ಪೋಣಿಸಿದ್ದು ಮಾತ್ರ ಅಂಗಡಿಯ ಹುಡುಗ.

ಮುಚ್ಚಿಬಿಡಿ ಅಂತ ನನ್ನ ಬಾಯಿಂದ ಬರಲಿಲ್ಲ. ಬಸ್ಸಿಗೆ ಹೊರಟಾಗ ಅಪ್ಪನೇ ಹೇಳಿದರು: "ನೀನು ಯಾಕೆ ಬಂದೆ ಅಂತ ಗೊತ್ತು. ಇನ್ನು ರೇಷ್ಮೆ ಹಿಡಿಯಲ್ಲ, ಹೊಸ ಬಟ್ಟೆಗೆ ಕತ್ತರಿ ಹುಡುಗ ಹಾಕ್ತಾನೆ. ನಾನು ಆಲ್ಟರೇಶನ್ ನೋಡ್ಕೋತೀನಿ. ಆಯ್ತಾ?"

ಆಯ್ತು ಅಂದೆ.

"ಆ ಬಳೆ ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸ್ಕೊಂಡು ಬಾ, ಅಂಗಡೀಲಿ ಹಾಕೋಣ. ಆ ಚುಕ್ಕೇದೂ ತಾ. ನನಗೆ ಕಾಣದಿದ್ರೆ ಏನಂತೆ, ಬಂದೋರು ನೋಡಲಿ."